ಬಡಿದಾಡದ ಚುಕ್ಕಿಗಳು

ತಂಗೀ,

ನೀನು ಫೋನ್ ಎತ್ತಿದ್ದರೆ ಈ ವಯಸ್ಸಿನಲ್ಲಿ ಕಾರ್ಡು ಗೀಚುವ ಕರ್ಮ ನನಗೆ ತಪ್ಪುತ್ತಿತ್ತು. ನಕ್ಷತ್ರಗಳ ಬಗ್ಗೆ ಸಂಶೋಧನೆ ಮಾಡುವ ನನ್ನ ಮಗಳ ಆಫೀಸಿನಲ್ಲಿ ಗೋಡೆಯಗಲ ಒಂದು ಚಿತ್ರವಿದೆ. ಕೋಳಿಮೊಟ್ಟೆಯಂಥ ಬೆಳಕಿನ ಉಂಡೆ, ಒಳಗೆಲ್ಲ ನಕ್ಷತ್ರ. ಗ್ಯಾಲಕ್ಸಿ ಅನ್ನೋ ಎರಡು ನಕ್ಷತ್ರಲೋಕ ಒಂದರೊಳಗೊಂದು ನುಗ್ಗಿ ಹೀಗಾಯಿತಂತೆ.

“ಚುಕ್ಕಿಗಳು ಬಡಿದಾಡಿ ಪುಡಿಯಾಗಲಿಲ್ಲವೇನೇ?” ಅಂದೆ.

“ಇಲ್ಲಮ್ಮ, ನಡುವೆ ಬೇಕಾದಷ್ಟು ಜಾಗ ಇರುತ್ತೆ. ಎರಡೂ ಕಡೆಯ ಹಳೇ ಚುಕ್ಕಿ ಗುಂಪುಗಳು ಹಾಗೇ ಉಳಿದಿವೆ, ಹೊಸವೂ ಹುಟ್ಟಿವೆ” ಅಂದಳು.

ನೀನೋ, ನಿನ್ನನ್ನು ಮದುವೆಗೆ ಕೇಳಿದ ಆ ಟೈಲರಿಗೆ, ನಿನ್ನ ಮಕ್ಕಳೂ ಅವನ ಮಕ್ಕಳೂ ಒಂದೇ ಮನೆಯಲ್ಲಿ ಕಿತ್ತಾಡುತ್ತಾರೆ ಅಂತ ವರ್ಷದಿಂದ ಹೂಂ ಅಂದಿಲ್ಲ. ಕಿತ್ತಾಡಲಿ ಬಿಡೇ! ಅವನ ಹೊಲಿಗೆ ಮೆಷಿನ್ನು ಹಜಾರಕ್ಕೆ ಬರಲಿ, ಅದಿದ್ದ ಕೋಣೆ ಮಕ್ಕಳಿಗಾಯಿತು.

ಚಳಿಗೆ ನನ್ನ ಮಂಡಿ ಹಿಡಿದಿದೆ, ಮಾತ್ರೆ ನುಂಗುತ್ತಿದ್ದೇನೆ. ಇಪ್ಪತ್ತನೇ ತಾರೀಕಿನೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.

ಅಕ್ಕ