ಒದ್ದೆ ಬಟ್ಟೆ ಒಣಗದ ಜಾಗ

ಹಳೇಕೋಟೆ
19-11-2024

ಮಗಳು ನಿಸರ್ಗಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಇವತ್ತು ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನಮ್ಮ ಸ್ಕೂಲಿನ ಅಡಿಗೆಮನೆಯ ಸಿಲಿಂಡರ್ ಒಡೆದು ಗ್ಯಾಸು ನೀರಿನ ಹಾಗೆ ನೆಲದ ಮೇಲೆ ಹರಿಯುತ್ತಿತ್ತು. ನೀನು ಅದರಲ್ಲಿ ಬರಿಗಾಲಲ್ಲಿ ನಿಂತಿದ್ದೆ. ಎಷ್ಟು ಕೂಗಿದರೂ ತಿರುಗಿ ನೋಡಲಿಲ್ಲ. ಕೆಲಸಕ್ಕೆ ಹೋದವಳು ರೆಗ್ಯುಲೇಟರನ್ನು ಮೂರು ಸಲ ಮುಟ್ಟಿ ನೋಡಿದೆ.

ಚನ್ನರಾಯಪಟ್ಟಣಕ್ಕೆ ನಿನ್ನ ಹತ್ತಿರ ಬಂದುಹೋಗಿ ಹತ್ತು ದಿನವಾದರೂ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ವಾರ್ಡನ್ ಪಕ್ಕದಲ್ಲೇ ನಿಂತಿರುತ್ತಾರೆ. ಬರೆಯೋಣವೆಂದರೆ, ಏಳನೇ ಕ್ಲಾಸಿಗೆ ಬಿಟ್ಟವಳ ಅಕ್ಷರ ನೋಡಿ ನಿನ್ನ ಗೆಳತಿಯರು ನಕ್ಕಾರೆಂದು ಭಯ. ಓದಿ ಹರಿದುಬಿಡು.

ಒಂದೇ ಮಾರ್ಕಿನಲ್ಲಿ ಹಾಸನದ ವಿಜ್ಞಾನ ಸ್ಪರ್ಧೆ ನಿನ್ನ ಕೈತಪ್ಪಿತಲ್ಲ, ಅದು ನನ್ನಿಂದಲೇ. ಸಿಲಿಂಡರಿನೊಳಗೆ ಅಡಿಗೆ ಗ್ಯಾಸು ಯಾವ ಸ್ಥಿತಿಯಲ್ಲಿರುತ್ತದೆ ಎಂಬ ಪ್ರಶ್ನೆಗೆ ನೀನು ದ್ರವ ಎಂದು ಬರೆದೆ. ದಸರಾ ರಜದಲ್ಲಿ ನಾನು ತೋರಿಸಿಕೊಟ್ಟಿದ್ದೇ ಅದು. ಗ್ಯಾಸು ಎಷ್ಟು ಉಳಿದಿದೆಯೆಂದು ತಿಳಿಯಲು ಸಿಲಿಂಡರಿಗೆ ಒದ್ದೆ ಬಟ್ಟೆ ಒರೆಸುತ್ತೇವಲ್ಲ, ಮೇಲುಗಡೆ ಬೇಗ ಒಣಗುತ್ತದೆ, ದ್ರವ ಇರುವಷ್ಟು ಜಾಗ ತೇವವಾಗಿಯೇ ಇರುತ್ತದೆ. ನೀನೇ ಅಲ್ಲಿ ಬೆರಳಲ್ಲಿ ಗೆರೆ ಎಳೆದೆ.

ಅವತ್ತು ನಿಮ್ಮ ವಿಜ್ಞಾನದ ಅಶೋಕ ಮೇಷ್ಟ್ರಿಗೂ ಅವರ ಕೋಣೆಯಲ್ಲಿ ಅದನ್ನೇ ಹೇಳಿದೆ. ಅವರು ಸಿಡುಕಲಿಲ್ಲ, ಕೂತುಕೊಳ್ಳಿ ಎನ್ನಲೂ ಇಲ್ಲ. ಉತ್ತರದ ಹಾಳೆಯಲ್ಲಿ ಅನಿಲ ಎಂದಿದೆ, ಮುಗೀತು ಎಂದರು. ಹಾಸ್ಟೆಲಿನ ಸಿಲಿಂಡರನ್ನೇ ಒಂದು ಸಲ ಒರೆಸಿ ನೋಡಿ ಎಂದು ಬೇಡಿಕೊಂಡೆ.

"ಅಡಿಗೆಮನೆ ಬೇರೆ, ವಿಜ್ಞಾನ ಬೇರೆ ಕಣಮ್ಮ. ಒಂದು ಮಾರ್ಕು ಜಾಸ್ತಿ ಬಂದಿರೋ ಮಾನ್ಯಳ ಹೆಸರು ಹಾಸನಕ್ಕೆ ಕಳ್ಸಾಯ್ತು."

ನೀನು ನೆಲ ನೋಡುತ್ತಿದ್ದೆ.

ನನ್ನ ಜೊತೆ ಅಡಿಗೆ ಮಾಡುವ ಲಕ್ಕಮ್ಮ ಇದನ್ನು ಕೇಳಿ ನಕ್ಕಳು. "ಬರೀ ಗಾಳಿ ಆಗಿದ್ರೆ ನಮ್ ಸೊಂಟ ಯಾಕಕ್ಕಾ ಇಂಗೆ ಬೀಳ್ತಿತ್ತು? ಆ ಮೇಷ್ಟ್ರನ್ನೇ ಕರ್ಸು, ತುಂಬಿದ್ದೊಂದ ಎತ್ತಿ ಒಲೆ ತಾವ ಇಡ್ಲಿ." ನನಗೆ ನಗು ಬರಲಿಲ್ಲ. ನಮ್ಮ ಸ್ಕೂಲಿನ ಸಿದ್ದೇಶ ಮೇಷ್ಟ್ರು ದೊಡ್ಡ ಕ್ಲಾಸಿನ ಪುಸ್ತಕ ತಂದು ಓದಿ ಹೇಳಿದರು: ಒತ್ತಡ ಹಾಕಿದರೆ ಅನಿಲ ದ್ರವವಾಗುತ್ತದೆ, ಸಿಲಿಂಡರಿನಲ್ಲಿ ತುಂಬಿರುವುದು ಹಾಗೆಯೇ. ನೀನು ಬರೆದದ್ದು ಸರಿಯಂತೆ. ಇನ್ನು ಸರಿಯಾಗಿದ್ದರೇನು! ಒಂಬತ್ತು ವರ್ಷದಿಂದ ದಿನಾ ಅದನ್ನು ಉರುಳಿಸುವವಳ ಮಾತಿಗೆ ಆ ಕೋಣೆಯಲ್ಲಿ ಒಂದು ಮಾರ್ಕಿನ ಬೆಲೆಯೂ ಇರಲಿಲ್ಲ.

ಚಳಿ ಶುರುವಾಗಿದೆ, ಸ್ವೆಟರ್ ಹಾಕಿಕೋ. ಕೆಮ್ಮು ಹೋಯಿತೇ? ತಲೆಗೆ ತಣ್ಣೀರು ಹಾಕಿಕೊಳ್ಳಬೇಡ. ಚೆನ್ನಾಗಿ ಓದು, ದೇವರು ನಿನ್ನನ್ನು ನನಗಿಂತ ಮೇಲೆ ಕೂರಿಸಲಿ.

ಇಂತಿ ನಿನ್ನ ಅಮ್ಮ,
ಗಂಗಾಂಬಿಕೆ

ಹೇಳಬಾರದೆಂದಿದ್ದೆ, ಆದರೂ ಬರೆಯುತ್ತೇನೆ. ಅವತ್ತು ಮೇಷ್ಟ್ರ ಕೋಣೆಯ ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಬಂದಿರುವುದು ಯಾರು ಎಂದು ಅವರು ನಿನ್ನನ್ನು ಕೇಳಿದ್ದು ಕೇಳಿಸಿತು. "ನಮ್ಮೂರ ಸ್ಕೂಲಲ್ಲಿ ಅಡಿಗೆ ಮಾಡೋರು ಸಾ," ಎಂದೆ ನೀನು. ನಿನ್ನ ಮಾತು ಸುಳ್ಳಾಗಬಾರದೆಂದು ನಾನೂ ಒಳಗೆ ಬಂದು ಅಡಿಗೆಯವಳ ಹಾಗೆಯೇ ನಿಂತು ಮಾತಾಡಿದೆ. ಹಾಸ್ಟೆಲಿನ ಅರ್ಜಿ ತುಂಬಿದವಳು ನೀನು, ನಾನು ಸಹಿ ಮಾತ್ರ ಹಾಕಿದೆ. ಅದರಲ್ಲಿ ತಾಯಿಯ ಹೆಸರು ಎಂದಿರುವ ಕಡೆ ಏನು ಬರೆದಿದೆ, ಇನ್ನೊಂದು ಸಲ ನೋಡಿ ತಿಳಿಸು.