ಒಲ್ಲೆ ಅಂದ ಹೋಳಿಗಿ

ಏನ್ರಿ,

ಆಪರೇಶನ್ ಆದ ಮ್ಯಾಲಿನ ಆರು ತಿಂಗಳದ ಚೆಕಪ್ಪಿಗೆ ಹಾವೇರಿಗೆ ಹೊಂಟೇನಿ. ಬರ್ರಿ ಅಂತ ಮೂರು ಸಲ ಕೇಳಿದ್ದೆ, ಇನ್ನ ಕೇಳೂದಿಲ್ಲ.

ರೊಟ್ಟಿ ಬುಟ್ಟ್ಯಾಗ ಅದಾವು. ಪುಂಡಿಪಲ್ಲೆ ಬಿಸಿ ಮಾಡ್ಕೋರಿ.

ನಿಮ್ಮ ಅಕ್ಕಾರು ವಾಪಸ್ ಊರಿಗೆ ತಿಳವಳ್ಳಿ ಬಸ್ ಹತ್ತೂದ್ರಾಗ ಅವರಿಗೆ ಖರೇ ಹೇಳ್ರಿ. ನಂದು ಕಿಡ್ನಿ ಹರಳಿನ ಆಪರೇಶನ್ ಅಲ್ಲ, ತೂಕ ಇಳಸಾಕ ಹೊಟ್ಟಿ ಸಣ್ಣದ ಮಾಡಿಸಿದ್ದು. ಸಕ್ಕರಿ ಗುಳಿಗಿ ನಿಂತಾವು. ಬಸ್ಸಿನ ಮೆಟ್ಟಲಾ ಯಾರ ಕೈನೂ ಹಿಡೀಲಾರದ ಹತ್ತತೇನಿ. ಅದನ್ನ ಮುಚ್ಚಿಡೂದ ಯಾಕ?

ನಿನ್ನೆ ಅವರು ಇನ್ನೊಂದು ಹೋಳಿಗಿ ಹಾಕಾಕ ಬಂದಾಗ ಒಲ್ಲೆ ಅಂದೆ. "ತೂಕ ಇಳದ ಮ್ಯಾಲ ಇಕಿಗೆ ಕೊಬ್ಬು ಬಂದೈತಿ" ಅಂದ್ರಿ ನೀವು. ನೂರಾ ಹತ್ತು ಕೇಜಿ ಇದ್ದಾಗ ಒಂದಿನಾನೂ ಹಂಗ ಅಂದಿರಲಿಲ್ಲ. ಆಗ ಹಾಕಿದ್ದೆಲ್ಲಾ ಉಂಡು ಸುಮ್ನಿರತಿದ್ದೆ.

ಶಿವಲೀಲಾ