ಹಿಟ್ಟಿನ ಡಬ್ಬಿಯ ಬರ್ನರ್

ಅಜ್ಜೀ, ಇದನ್ನು ಅಮ್ಮ ಓದಿ ಹೇಳ್ತಾಳೆ, ಕೇಳು.

ಒಂದಾನೊಂದು ಮನೆಯ ಕಿಟಕಿಯಿಲ್ಲದ ಅಡುಗೆಕೋಣೆಯಲ್ಲಿ, ಕೆಮ್ಮುತ್ತಲೇ ಗ್ಯಾಸ್ ಒಲೆ ಕಾಯುವ ಅಜ್ಜಿಯೊಬ್ಬಳಿದ್ದಳು. ರಾಕ್ಷಸನ ಪ್ರಾಣ ಗಿಣಿಯೊಳಗಿತ್ತೆಂದು ಕಥೆ ಹೇಳುತ್ತಿದ್ದವಳು, ಒಲೆಯ ಪ್ರಾಣವಾದ ಬರ್ನರನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಳು. ಹಿಟ್ಟು ತೆಗೆಯಹೋದ ಮೊಮ್ಮಗಳ ಕೈಗೆ ಸಿಕ್ಕಿತು.

ಬೈಯಲ್ಲ ಕಣಜ್ಜಿ. ಆದರೆ ಹಳೇ ಒಲೆಯನ್ನು ಬಿಡಿಭಾಗ ಸಮೇತ ಇವತ್ತು ಒಪ್ಪಿಸಿದರೆ ಮಾತ್ರ ಕರೆಂಟ್ ಒಲೆ ನಮಗೆ ಅರ್ಧ ಬೆಲೆಗೆ. ಪೂರ್ತಿ ಬೆಲೆ ಅಮ್ಮನ ಕೈಲಾಗದು. ಗ್ಯಾಸಿನ ಗಾಳಿಯನ್ನು ನಿನ್ನ ಎದೆ ಇನ್ನು ತಡೆಯದು ಅಂತ ಡಾಕ್ಟರು ಹೇಳಿದ್ದು ನನಗೊಬ್ಬಳಿಗೇ ಕೇಳಿಸಿತಾ?

“ಉರಿಯೇ ಕಾಣದ ಒಲೆ, ಹೊತ್ತಿದೆಯೋ ಆರಿದೆಯೋ ಈ ಮಂಜುಗಣ್ಣಿಗೆ ಹ್ಯಾಗೆ ಗೊತ್ತಾಗ್ಬೇಕೇ?” ಅಂದೆ ನೀನು. ಅದೂ ನಿಜವೇ. ನಿನ್ನೆ, ಹೊಸ ಒಲೆ ಬಂದ ದಿನವೇ, ಅದರ ಮೇಲೆ ಕೈಯಿಟ್ಟು ಅಂಗೈ ಸುಟ್ಟುಕೊಂಡೆಯಲ್ಲ. ಮುಟ್ಟಿದರೆ ತಿಳಿಯುವ ಹಾಗೆ ಮಾಡಿಕೊಡ್ತೀನಿ ಅಂತ ಆಗಲೇ ಮಾತು ಕೊಟ್ಟಿದ್ದೆ.

ಹೊಸ ಒಲೆಯ ತಿರುಗಿಸುವ ನಾಬಿನ ಸುತ್ತ ನಮ್ಮ ಟೈಲರ್ ಅಂಗಡಿಯ ಗುಂಡಿಗಳನ್ನು ಅಂಟಿಸಿದ್ದೇನೆ. ಒಂದು ಗುಂಡಿಯಿದ್ದಲ್ಲಿ ಒಲೆ ಆರಿದೆ, ಎರಡಿದ್ದಲ್ಲಿ ಸಣ್ಣ ಉರಿ, ಮೂರಿದ್ದಲ್ಲಿ ಜೋರು. ಆರಿಸಿದ ಮೇಲೂ ಬಹಳ ಹೊತ್ತು ಸುಡುತ್ತೆ, ಮೇಲೆ ಕೈಯಿಡಬೇಡ, ದಮ್ಮಯ್ಯ.

ಹತ್ತಕ್ಕೆ ಹಳೇ ಒಲೆ ಒಯ್ಯುವವರು ಬರುತ್ತಾರೆ. ಬರ್ನರನ್ನು ತೊಳೆದು ನಿನ್ನ ದಿಂಬಿನ ಪಕ್ಕ ಇಟ್ಟಿದ್ದೇನೆ. ನೀನೇ ಕೊಡು.

ಈಗ ಅಂಟು ಒಣಗಿತು. ಕಣ್ಣು ಮುಚ್ಚಿ ಸವರಿ ನೋಡಿದೆ: ಒಂದು, ಎರಡು, ಮೂರು. ಕೊಟ್ಟ ಮಾತು ಉಳಿಸಿಕೊಂಡೆ.